ಕಮಾನು ಮೊದಲೋ, ಚರಂಡಿ ಮೊದಲೋ?

ಈ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಗಡಿನಾಡಿನಲ್ಲಿ ಕನ್ನಡದ ಅಳಿವು ಉಳಿವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದರು. ಆ ವಿಷಯವನ್ನು ನಾವು ಹಿಂದೆ ಸಾಕಷ್ಟು ಸಲ ಬರೆದಿದ್ದೇವೆ. ನಮಗಿಂತ ಬಲ್ಲವರೂ ಬರೆದಿದ್ದಾರೆ. ಈ ಸಲ ಅವರ ಕ್ಷಮೆ ಕೋರಿ ಚರಂಡಿಯ ವಿಷಯವನ್ನು ಬರೆಯಲು ಹೊರಟಿದ್ದೇವೆ. ಸಾಹಿತ್ಯದ ಪಂಕ್ತಿಯಲ್ಲಿ ಚರಂಡಿಯನ್ನು ತಂದು ಬಡಿಸಿದರೆಂದು ಯಾರಾದರೂ ಮುನಿಯುವುದಾದರೆ, ಕೊನೆಯವರೆಗೆ ಓದಿ ಆಮೇಲೆ ಮುನಿಯಲಿ ಎಂಬುದಷ್ಟೇ ನಮ್ಮ ವಿಜ್ಞಾಪನೆ.

ಸಂದರ್ಭ ಸದಸ್ಯರೆಲ್ಲರಿಗೂ ತಿಳಿದದ್ದೇ. ಕಳೆದ ಮಹಾಸಭೆಯಲ್ಲಿ ಮೂಕಂಡಪಲ್ಲಿಯ ಪ್ರವೇಶದಲ್ಲಿ ಸಂಘದ ಹೆಸರಿನ ಕಮಾನೊಂದನ್ನು ಕಟ್ಟಿಸಬೇಕೆಂಬ ಸಲಹೆ ಬಂದಿತು. ಮೇಲೆ ಭುವನೇಶ್ವರಿಯ ಮೂರ್ತಿ, ಎರಡು ಕಂಬಗಳ ಮೇಲೆ ಕವಿಗಳ ಚಿತ್ರಗಳು, ಕೆಳಗೆ ದಾನಿಗಳ ಹೆಸರಿನ ಶಿಲಾಫಲಕ. ಅಂದಾಜು ವೆಚ್ಚ ಮೂರು ಲಕ್ಷ ರೂಪಾಯಿ. ಚಪ್ಪಾಳೆ ಜೋರಾಗಿಯೇ ಬಿದ್ದಿತು. ನಾವೂ ತಟ್ಟಿದೆವು. ಸಂಗ್ರಹವೂ ಆರಂಭವಾಗಿದೆ.

ಅದೇ ವಾರ ಮಳೆ ಬಂದಿತು. ಸಿಪ್‌ಕಾಟ್ ಕೈಗಾರಿಕಾ ವಸಾಹತುವಿನ ಹಿಂಬದಿಯ ಓಣಿಯೊಂದರಲ್ಲಿ ಹಳೆಯ ಶಿಷ್ಯನೊಬ್ಬನ ತಾಯಿಗೆ ಅಸ್ವಸ್ಥತೆ ಎಂದು ನೋಡಲು ಹೋದೆವು. ಓಣಿಯಲ್ಲಿ ಹತ್ತಿರ ಹತ್ತಿರ ಅರವತ್ತು ಮನೆಗಳು. ಮನೆಗಳೆನ್ನುವುದಕ್ಕಿಂತ ಒಂದೊಂದು ಕೋಣೆಯ ಸಾಲುಗಳು. ಮೊಣಕಾಲಿನ ಅರ್ಧಕ್ಕೆ ಕಪ್ಪು ನೀರು. ಬೆಳಗಿನ ಪಾಳಿಗೆ ಹೊರಟ ಹುಡುಗರು ಬೂಟುಗಳನ್ನು ಕೈಯಲ್ಲಿ ಹಿಡಿದು, ಪ್ಯಾಂಟನ್ನು ಮಡಚಿಕೊಂಡು ಹೆದ್ದಾರಿಯವರೆಗೆ ನಡೆದು, ಅಲ್ಲಿ ಕಾಲು ಒರೆಸಿಕೊಂಡು ಬೂಟು ತೊಟ್ಟು ಬಸ್ಸು ಹತ್ತುತ್ತಿದ್ದರು. ಆ ಮುದುಕಿ ಮಂಚದ ಮೇಲೆಯೇ ಕುಳಿತು ನಮ್ಮನ್ನು ಕಂಡು, “ಮೇಷ್ಟ್ರೇ, ಒಳಗೆ ಬನ್ನಿ ಎನ್ನಲು ಬಾಯಿ ಬರುತ್ತಿಲ್ಲ” ಎಂದಳು. ಎಪ್ಪತ್ತು ದಾಟಿದ ನಮಗೆ ಆ ಮಾತು ಕಮಾನಿನ ಚಪ್ಪಾಳೆಗಿಂತ ಜೋರಾಗಿ ಕೇಳಿಸಿತು. ಅದು ಅಚ್ಚ ಕನ್ನಡದಲ್ಲಿ ಆಡಿದ ಮಾತು. ಕನ್ನಡದ ಅಳಿವು ಉಳಿವಿನ ಲೇಖನ ಬೇಕೆಂದವರಿಗೆ ಇದನ್ನೇ ನಮ್ಮ ಲೇಖನವೆಂದು ಒಪ್ಪಿಸುತ್ತೇವೆ.

ನಮ್ಮ ವಾದವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಕಮಾನಿನ ಮೂರು ಲಕ್ಷವನ್ನು ಇಂಥದೊಂದು ಓಣಿಯ ಚರಂಡಿಗೆ ವಂತಿಗೆಯಾಗಿ ಕಟ್ಟಬೇಕು. ಏಕೆಂದರೆ ಆ ಮೂರು ಲಕ್ಷ ಅಲ್ಲಿ ಮೂರು ಲಕ್ಷವಾಗಿ ಉಳಿಯುವುದಿಲ್ಲ, ಒಂಬತ್ತು ಲಕ್ಷವಾಗುತ್ತದೆ.

ಹೇಗೆಂದು ವಿವರಿಸಬೇಕು. ತಮಿಳುನಾಡು ಸರ್ಕಾರದ ‘ನಮಕ್ಕು ನಾಮೇ’ ಯೋಜನೆಯ ಹೆಸರನ್ನು ನಮ್ಮಲ್ಲಿ ಕೇಳದವರಿಲ್ಲ. ‘ನಮಗೆ ನಾವೇ’ ಎಂಬುದು ಅದರ ಅರ್ಥ. ಮೊದಲು 1997–98ರಲ್ಲಿ ಬಂದಿತು. ಸರ್ಕಾರಗಳು ಬದಲಾದಂತೆ ನಿಂತಿತು, ಬೇರೆ ಹೆಸರು ತೊಟ್ಟಿತು, 2021ರಲ್ಲಿ ಹಳೆಯ ಹೆಸರಿನಲ್ಲಿಯೇ ಮರಳಿ, ನಗರಗಳಿಗೂ ವ್ಯಾಪಿಸಿತು. ಅದರ ಮೂಲ ಸೂತ್ರ ಸರಳ. ಬೀದಿಯವರು, ಸಂಘ ಸಂಸ್ಥೆಗಳು ಅಥವಾ ದಾನಿಗಳು ಕಾಮಗಾರಿಯ ಅಂದಾಜು ವೆಚ್ಚದ ಕನಿಷ್ಠ ಮೂರನೆಯ ಒಂದು ಪಾಲನ್ನು ಕಟ್ಟಿದರೆ ಉಳಿದದ್ದನ್ನು ಸರ್ಕಾರ ಭರಿಸುತ್ತದೆ. ವಂತಿಗೆ ಅರ್ಧವನ್ನು ಮುಟ್ಟಿದರೆ ಕೆಲಸವನ್ನು ಕೊಟ್ಟವರೇ ನಿಂತು ಮಾಡಿಸುವ ಅವಕಾಶವೂ ಉಂಟು. ಒಂದು ರೂಪಾಯಿ ಕೊಟ್ಟವನಿಗೆ ಮೂರು ರೂಪಾಯಿಯ ಕೆಲಸ. ನಾವು ಏಳನೆಯ ತರಗತಿಗೆ ಗಣಿತ ಹೇಳಿದವರು. ಇದಕ್ಕಿಂತ ಲಾಭದ ಲೆಕ್ಕವನ್ನು ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

ಈ ಸೂತ್ರವನ್ನು ಯಾವುದೋ ಪಕ್ಷದ ಸರಕೆಂದು ಮೂಗು ಮುರಿಯುವವರಿಗೆ ಒಂದು ಮಾತು. ಇದು ಪಕ್ಷಗಳಿಗಿಂತ ಬಹಳ ಹಳೆಯದು. ಕೆರೆ ಕಟ್ಟಿಸಿದವನಿಗೆ, ಕಟ್ಟಿದ ಕೆರೆಯನ್ನು ಕಾಯ್ದವನಿಗೆ ಭೂಮಿ ಬಿಟ್ಟುಕೊಡುತ್ತಿದ್ದ ಕಟ್ಟುಕೊಡಗೆ, ದಶವಂದಗಳ ಉಲ್ಲೇಖ ನಮ್ಮ ಶಾಸನಗಳಲ್ಲಿ ಹೇರಳವಾಗಿದೆ. ಊರು ಒಂದು ಕೈ ನೀಡಿದರೆ ಅರಸು ಮತ್ತೊಂದು ಕೈ ನೀಡುತ್ತಿದ್ದ. ತಮಿಳು ಸೀಮೆಯಲ್ಲಿ ಊರವರೇ ಸೇರಿ ಕೆರೆ ಕಾಲುವೆಗಳ ಹೂಳೆತ್ತುವ ರೂಢಿಗೆ ಕುಡಿಮರಾಮತ್ತು ಎಂದು ಹೆಸರು. ಗಡಿಯ ಆಚೆ, ಮೈಸೂರು ಸಂಸ್ಥಾನದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1914ರ ಹೊತ್ತಿಗೆ ಜಾರಿಗೆ ಬಂದ ಗ್ರಾಮ ಸುಧಾರಣಾ ಯೋಜನೆಯಲ್ಲಿ ಹಳ್ಳಿಗರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಕೈಹಾಕಬೇಕೆಂಬುದೇ ಅಡಿಗಲ್ಲಾಗಿತ್ತು. ಕನ್ನಡದ ಪರಂಪರೆಯನ್ನು ಕಮಾನಿನಲ್ಲಿ ಹುಡುಕುವವರು ಅದನ್ನು ಕೆರೆಯ ಏರಿಯ ಮೇಲೂ ಹುಡುಕಬೇಕಲ್ಲವೆ?

ಇನ್ನು ಆಕ್ಷೇಪಗಳಿಗೆ ಬರೋಣ. ಮಹಾಸಭೆಯ ನಂತರ ನಾಲ್ಕಾರು ಹಿರಿಯರೊಡನೆ ಈ ಮಾತು ಎತ್ತಿದಾಗ ಕೇಳಿಬಂದವುಗಳನ್ನೇ ಇಲ್ಲಿ ಒಂದೊಂದಾಗಿ ಎದುರಿಸುತ್ತೇವೆ.

“ತೆರಿಗೆ ಕಟ್ಟಿದ್ದೇವೆ, ಮತ್ತೇಕೆ ವಂತಿಗೆ?” ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದದ್ದು. 2022ರಲ್ಲಿ ರಾಜ್ಯದ ನಗರಗಳಲ್ಲಿ ಆಸ್ತಿ ತೆರಿಗೆ ಏರಿ, ವಾಸದ ಮನೆಗಳಿಗೂ ವಿಸ್ತೀರ್ಣಕ್ಕೆ ತಕ್ಕಂತೆ ನೂರಕ್ಕೆ 25ರಿಂದ 100ರವರೆಗೆ ಹೆಚ್ಚಳವಾದಾಗ ನಮ್ಮ ಪಿಂಚಣಿಗೂ ಬಿಸಿ ತಟ್ಟಿದೆ. ಚರಂಡಿ ಕಟ್ಟುವುದು ಪಾಲಿಕೆಯ ಕರ್ತವ್ಯ. ವಂತಿಗೆ ಕೊಟ್ಟರೆ ಆ ಕರ್ತವ್ಯ ತಪ್ಪುವುದಿಲ್ಲ. ಆದರೆ ನಮ್ಮ ಊರಿನ ಚರಿತ್ರೆಯನ್ನು ನೆನೆಯಿರಿ. ಮೂಕಂಡಪಲ್ಲಿ ಬೇರೆಯೇ ಪಂಚಾಯಿತಿಯಾಗಿತ್ತು. 2011ರಲ್ಲಿ ಜೂಜುವಾಡಿ, ಚೆನ್ನತ್ತೂರು, ಆವಲಪಲ್ಲಿ, ಮತ್ತಿಗಿರಿಗಳೊಡನೆ ಹೊಸೂರು ನಗರಸಭೆಗೆ ಸೇರಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಕಾರ್ಖಾನೆಗಳು ಬಂದದ್ದು 1970ರ ದಶಕದಿಂದ; ಅವುಗಳ ಬೆನ್ನಿಗೆ ಜನ ಬಂದರು, ಜನರ ಬೆನ್ನಿಗೆ ಕೋಣೆಗಳು ಎದ್ದವು, ಚರಂಡಿ ಮಾತ್ರ ಯಾರ ಬೆನ್ನಿಗೂ ಬರಲಿಲ್ಲ. ನಲವತ್ತೈದು ವಾರ್ಡುಗಳ ಸರದಿಯಲ್ಲಿ ನಿಂತು ಕಾಯುತ್ತೇವೆ ಎನ್ನುವವರು ಅಟ್ಟದ ಮನೆಯಲ್ಲಿ ಇದ್ದುಕೊಂಡು ಹೇಳುವುದು ಸುಲಭ. ಮಂಚದ ಮೇಲೆ ಕುಳಿತ ಆ ಮುದುಕಿಗೆ ಹೇಳುವುದು ಸುಲಭವಲ್ಲ.

“ಇದು ಸಾಹಿತ್ಯ ಸಂಘದ ಕೆಲಸವೇ?” ಎಂಬುದು ಎರಡನೆಯದು. ನಮ್ಮ ಸಂಘದ ನಿಯಮಾವಳಿಯಲ್ಲಿ ‘ಭಾಷೆ, ಸಂಸ್ಕೃತಿ ಹಾಗೂ ಸಮಾಜ ಸೇವೆ’ ಎಂದಿದೆ. ಮೊದಲಿನ ಎರಡಕ್ಕೆ ಪ್ರತಿ ವರ್ಷ ಸಮ್ಮೇಳನ ನಡೆಸುತ್ತೇವೆ. ಮೂರನೆಯದಕ್ಕೆ ನೋಟುಪುಸ್ತಕ ಹಂಚಿ ಚಿತ್ರ ತೆಗೆಸಿಕೊಳ್ಳುತ್ತೇವೆ. ಇದಕ್ಕಿಂತ ಹೆಚ್ಚು ಹೇಳಿದರೆ ನಮ್ಮನ್ನೇ ನಾವು ನಿಂದಿಸಿಕೊಂಡಂತಾಗುತ್ತದೆ.

“ಭಾಷಾ ಅಲ್ಪಸಂಖ್ಯಾತರ ಮಾತನ್ನು ಇಲ್ಲಿ ಯಾರು ಕೇಳುತ್ತಾರೆ?” ಎಂಬುದು ಮೂರನೆಯದು. ಈ ನೋವು ನಮಗೆ ಪುಸ್ತಕದಿಂದ ಬಂದದ್ದಲ್ಲ. 2006ರ ತಮಿಳು ಕಲಿಕಾ ಕಾಯಿದೆಯಿಂದಾಗಿ ಕನ್ನಡ ಮಾಧ್ಯಮದ ಮಕ್ಕಳು ತಮಿಳು ಪತ್ರಿಕೆಯನ್ನು ಬರೆಯಲೇಬೇಕಾಗಿ ಬಂದಾಗ, ಆ ಮಕ್ಕಳ ಮುಖವನ್ನು ಕಂಡವರು ನಾವು. ಮನವಿಗಳು, ನ್ಯಾಯಾಲಯದ ಹೋರಾಟಗಳು ನಡೆಯುತ್ತಿರಲಿ. ಆದರೆ ಚರಂಡಿಗೆ ಭಾಷೆಯಿಲ್ಲ. ಆ ಓಣಿಯಲ್ಲಿ ಕನ್ನಡದ ಮುದುಕಿಯ ಪಕ್ಕದ ಕೋಣೆ ತೆಲುಗಿನ ದರ್ಜಿಯದು, ಎದುರಿನದು ತಮಿಳಿನ ಬಾಣಂತಿಯದು, ಕೊನೆಯದರಲ್ಲಿ ಒಡಿಶಾದ ನಾಲ್ವರು ಹುಡುಗರು. ಕನ್ನಡ ಸಂಘವೊಂದು ಅವರೆಲ್ಲರ ಪರವಾಗಿ ವಂತಿಗೆಯ ಹಣ ಹಿಡಿದು ಪಾಲಿಕೆಯ ಮೆಟ್ಟಿಲು ಹತ್ತಿದರೆ, ನಾವು ಈ ನೆಲದಲ್ಲಿ ಬಾಡಿಗೆಗೆ ಇರುವವರಲ್ಲ, ಪಾಲುದಾರರು ಎಂದು ತೋರಿಸಲು ಬೇರೆ ಪುರಾವೆ ಬೇಕಿಲ್ಲ. ಬೇಡುವವನ ಅರ್ಜಿಗೂ ಪಾಲುದಾರನ ಅರ್ಜಿಗೂ ಕಚೇರಿಯಲ್ಲಿ ಇರುವ ವ್ಯತ್ಯಾಸವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ಹಿಂದೆ ಅಲೆದ ನಾವು ಬಲ್ಲೆವು.

“ಕಂಟ್ರಾಕ್ಟರು ತಿಂದು ಹಾಕುತ್ತಾನೆ” ಎಂಬುದು ನಾಲ್ಕನೆಯದು. ತಿನ್ನಲು ಬಿಡುವವರಿದ್ದರೆ ತಿನ್ನುತ್ತಾನೆ. ಯಾರೂ ಹಣ ಹಾಕದ ಕಾಮಗಾರಿಯನ್ನು ಯಾರೂ ನೋಡುವುದಿಲ್ಲ. ತನ್ನ ನೂರು ರೂಪಾಯಿ ಇರುವ ಸಿಮೆಂಟಿನ ಚೀಲವನ್ನು ಮನುಷ್ಯ ಎಣಿಸುತ್ತಾನೆ. ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕವನ್ನೂ ಕೇಳಿ ನೋಡಲು 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ನಮ್ಮಲ್ಲಿ ನಿವೃತ್ತ ಎಂಜಿನಿಯರರು ಇದ್ದಾರೆ, ನಿವೃತ್ತ ಲೆಕ್ಕಾಧಿಕಾರಿಗಳಿದ್ದಾರೆ. ಸಂಜೆಯ ಹರಟೆಯಲ್ಲಿ ದೇಶದ ಆಯವ್ಯಯವನ್ನೇ ತಿದ್ದುವವರು ಒಂದು ಚರಂಡಿಯ ಲೆಕ್ಕವನ್ನು ತಿದ್ದಲಾರರೆ?

ಇಷ್ಟು ಹೇಳಿದ ಮೇಲೆ, ಯೋಜನೆಯಲ್ಲಿರುವ ದೋಷವನ್ನೂ ನಾವೇ ಹೇಳಬೇಕು. ಅದು ಸಣ್ಣ ದೋಷವಲ್ಲ. ಮೂರನೆಯ ಒಂದು ಪಾಲನ್ನು ಯಾರು ಕೊಡಬಲ್ಲರು? ಒಂಬತ್ತು ಲಕ್ಷದ ಚರಂಡಿಗೆ ಅರವತ್ತು ಮನೆಗಳ ಮೇಲೆ ಮೂರು ಲಕ್ಷವನ್ನು ಹಂಚಿದರೆ ಮನೆಗೆ ಐದು ಸಾವಿರ. ಹೊಸ ಬಡಾವಣೆಯ ಸಂಬಳದಾರರಿಗೆ ಅದು ಒಂದು ದಿನದ ಪ್ರವಾಸದ ಖರ್ಚು. ಅವರು ಒಂದು ಸಂಜೆ ಕುಳಿತು ಉದ್ಯಾನಕ್ಕೂ ನಡಿಗೆಯ ಪಥಕ್ಕೂ ವಂತಿಗೆ ಕೂಡಿಸಬಲ್ಲರು. ಆದರೆ ಕೋಣೆಯ ಬಾಡಿಗೆಯನ್ನೇ ಕಷ್ಟದಿಂದ ಕಟ್ಟುವ ದಿನಗೂಲಿಯವನಿಗೆ ಐದು ಸಾವಿರವೆಂದರೆ ಮಗುವಿನ ಜ್ವರಕ್ಕೆಂದು ಎತ್ತಿಟ್ಟ ಹಣ. ಅದೂ ಅವನ ಸ್ವಂತ ಮನೆಯಲ್ಲ; ಮಾಲೀಕ ಬೆಂಗಳೂರಿನಲ್ಲಿ ಇದ್ದುಕೊಂಡು ಬಾಡಿಗೆಯನ್ನು ಮೊಬೈಲಿನಲ್ಲಿ ಪಡೆಯುತ್ತಾನೆ. ಉಳಿದ ಎರಡು ಪಾಲು ಬರುವುದು ಎಲ್ಲರ ತೆರಿಗೆಯಿಂದ. ಬೆಂಕಿಪೆಟ್ಟಿಗೆ ಕೊಳ್ಳುವ ಆ ದಿನಗೂಲಿಯವನೂ ಅದಕ್ಕೆ ಕೊಟ್ಟಿದ್ದಾನೆ. ಹೀಗೆ ಸರ್ಕಾರದ ಹಣ ಇದ್ದವರ ಹಣದ ಹಿಂದೆ ನಡೆದುಕೊಂಡು ಹೋಗುತ್ತದೆ. ‘ನಮಗೆ ನಾವೇ’ ಎಂಬ ಹೆಸರು ‘ಇದ್ದವರಿಗೆ ಇದ್ದವರೇ’ ಎಂದಾಗಲು ಹೆಚ್ಚು ಹೊತ್ತು ಬೇಕಿಲ್ಲ.

ದೋಷವಿದೆಯೆಂದು ಯೋಜನೆಯನ್ನೇ ಎಸೆಯಬೇಕೆ? ಬೇಡ. ಅದನ್ನು ತಿದ್ದುವ ದಾರಿ ಎರಡಿವೆ, ಎರಡೂ ನಮ್ಮ ಕೈಯಳತೆಯಲ್ಲಿವೆ.

ಮೊದಲನೆಯದು, ದುಡಿಮೆಯನ್ನೂ ವಂತಿಗೆಯೆಂದು ಎಣಿಸುವುದು. ನಾವು ಒಮ್ಮೆ ವಿಚಾರಿಸಲು ಹೋದಾಗ ಮೇಜಿನ ಆ ಬದಿಯವರು ಬ್ಯಾಂಕಿನ ಡ್ರಾಫ್ಟು ಎಲ್ಲಿದೆ ಎಂದಷ್ಟೇ ಕೇಳಿದರು. ಕೈಗಳು ಎಷ್ಟಿವೆ ಎಂದು ಕೇಳಲಿಲ್ಲ. ಆದರೆ ಇದೇ ರಾಜ್ಯದಲ್ಲಿ 2017ರಲ್ಲಿ ಕುಡಿಮರಾಮತ್ತನ್ನು ಮತ್ತೆ ಆರಂಭಿಸಿದಾಗ, ರೈತರು ಕೊಡಬೇಕಾದ ನೂರಕ್ಕೆ ಹತ್ತರ ಪಾಲನ್ನು ಹಣವಾಗಿಯೋ ಸಾಮಗ್ರಿಯಾಗಿಯೋ ದುಡಿಮೆಯಾಗಿಯೋ ಕೊಡಬಹುದೆಂದು ಒಪ್ಪಲಾಗಿತ್ತು. ಹೊಲದ ಕೆರೆಗೆ ಸಲ್ಲುವ ಬೆವರು ಓಣಿಯ ಚರಂಡಿಗೆ ಏಕೆ ಸಲ್ಲಬಾರದು? ಅಮೆರಿಕೆಯ ಸಿಯಾಟಲ್ ನಗರದಲ್ಲಿ ನೆಲೆಸಿರುವ ಶಿಷ್ಯರೊಬ್ಬರು ಊರಿಗೆ ಬಂದಾಗ ಅಲ್ಲಿಯ ವ್ಯವಸ್ಥೆಯನ್ನು ವಿವರಿಸಿದರು. ಆ ನಗರ 1988ರಲ್ಲಿಯೇ ನೆರೆಹೊರೆಯವರ ಕೆಲಸಗಳಿಗೆ ಸಮಪಾಲು ಕೊಡುವ ನಿಧಿಯನ್ನು ಸ್ಥಾಪಿಸಿತು. ಅಲ್ಲಿ ನಿವಾಸಿಗಳ ಪಾಲು ಹಣವೇ ಆಗಬೇಕಿಲ್ಲ. ಸ್ವಯಂಸೇವಕನ ಒಂದು ಗಂಟೆಯ ದುಡಿಮೆಗೆ ಇಂತಿಷ್ಟೆಂದು ನಗರಾಡಳಿತವೇ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುತ್ತದೆ. ಕೊಟ್ಟ ಸಾಮಗ್ರಿಯನ್ನೂ, ವೃತ್ತಿಪರರು ಉಚಿತವಾಗಿ ಮಾಡಿದ ಕೆಲಸವನ್ನೂ ಹಾಗೆಯೇ ಎಣಿಸುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮದು. ಅದನ್ನು ಕಡತದೊಳಗೆ ಬರೆದುಕೊಂಡವರು ಅವರು.

ಇಲ್ಲಿ ಒಂದು ಎಚ್ಚರವೂ ಬೇಕು. ಬೆವರನ್ನು ಎಣಿಸುವುದೆಂದರೆ ಬಡವರನ್ನು ಬಿಟ್ಟಿಗೆ ಹಚ್ಚುವುದಲ್ಲ. ಊರವರು ಮನಸಾರೆ ಮಾಡುತ್ತಿದ್ದ ಕೆರೆಯ ಕೆಲಸವನ್ನು 1858ರ ಮದ್ರಾಸ್ ಕಡ್ಡಾಯ ದುಡಿಮೆ ಕಾಯಿದೆ ಹೇಗೆ ಬಲವಂತವಾಗಿಸಿತು ಎಂಬುದು ಚರಿತ್ರೆಯಲ್ಲಿದೆ. ಕೊಳಚೆ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅದನ್ನು ಕಾಯಿದೆಗಿಂತ ಮೊದಲು ನಮ್ಮ ಮನಸ್ಸು ನಿಷೇಧಿಸಬೇಕು. ನಾವು ಹೇಳುತ್ತಿರುವುದು ಹೊಸ ಕಾಲುವೆಗೆ ಮಣ್ಣು ಅಗೆಯುವುದು, ಇಟ್ಟಿಗೆ ಜಲ್ಲಿ ಸಾಗಿಸುವುದು, ಕಾಂಕ್ರೀಟಿಗೆ ನೀರುಣಿಸುವುದು, ಲೆಕ್ಕ ಬರೆಯುವುದು. ಗುದ್ದಲಿ ಹಿಡಿಯುವಾಗ ಓಣಿಯವರ ಜೊತೆಗೆ ಸಂಘದ ಸದಸ್ಯರ ಮಕ್ಕಳೂ ಹಿಡಿಯಬೇಕು. ಇಲ್ಲದಿದ್ದರೆ ಅದು ಸೇವೆಯಲ್ಲ.

ಎರಡನೆಯ ದಾರಿ, ಕೊಡಲಾಗದವರ ಪಾಲನ್ನು ಕೊಡಬಲ್ಲವರು ಕೊಡುವುದು. ಸಂಘಸಂಸ್ಥೆಗಳಿರುವುದು ಇದಕ್ಕೇ. ಯಾವ ಓಣಿಗೆ ವಂತಿಗೆ ಹುಟ್ಟುವುದಿಲ್ಲವೋ ಅಲ್ಲಿಗೇ ನಮ್ಮ ಹಣ ಹೋಗಬೇಕು. ನಮ್ಮ ಸ್ವಂತ ಬೀದಿಗಳಿಗಲ್ಲ.

ಈಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಈ ಲೇಖನದ ಬೇರು ಅಲ್ಲಿದೆ. ಈ ಯೋಜನೆ ಮೊದಲ ಸಲ ಬಂದಾಗ ನಾವು ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದೆವು. ಪೋಷಕರು ರಾಗಿ ಮಾರಿ, ಹಾಲಿನ ಹಣ ಉಳಿಸಿ ವಂತಿಗೆ ಕೂಡಿಸಿದರು. ಏನು ಕಟ್ಟಿಸೋಣ ಎಂಬ ಪ್ರಶ್ನೆ ಬಂದಿತು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ಸಹೋದ್ಯೋಗಿ ಶಿಕ್ಷಕಿಯೊಬ್ಬರು ಅದನ್ನು ಮೆಲ್ಲನೆ ಹೇಳಿದರು. ನಾವು ಬಯಲು ರಂಗಮಂದಿರವನ್ನು ಆರಿಸಿದೆವು. ರಾಜ್ಯೋತ್ಸವಕ್ಕೆ ವೇದಿಕೆಯಾಗುತ್ತದೆ, ದಾನಿಗಳ ಹೆಸರನ್ನು ಹಣೆಯ ಮೇಲೆ ಬರೆಸಬಹುದು ಎಂಬುದು ನಮ್ಮ ತರ್ಕ. ಶೌಚಾಲಯದ ಹಣೆಯ ಮೇಲೆ ಯಾರು ಹೆಸರು ಬರೆಸಿಕೊಳ್ಳುತ್ತಾರೆ? ಮರುವರ್ಷ ಏಳನೆಯ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಇಬ್ಬರು ಹುಡುಗಿಯರು ಶಾಲೆ ಬಿಟ್ಟರು. ಮನೆಗೆ ಹೋಗಿ ತಂದೆಯರಿಗೆ ವಿದ್ಯೆಯ ಮಹತ್ವವನ್ನು ಅರ್ಧ ಗಂಟೆ ಬೋಧಿಸಿದೆವು. ಒಬ್ಬಳ ತಾಯಿ ಬಾಗಿಲ ಹಿಂದಿನಿಂದ, “ನಿಮ್ಮ ಸ್ಟೇಜು ಚೆನ್ನಾಗಿದೆ ಸ್ವಾಮಿ, ದೊಡ್ಡವಳಾದ ಹುಡುಗಿ ದಿನವೆಲ್ಲ ಎಲ್ಲಿಗೆ ಹೋಗಬೇಕು?” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಆ ಇಬ್ಬರೂ ಮರಳಿ ಬರಲಿಲ್ಲ. ಆ ವರ್ಷದ ರಾಜ್ಯೋತ್ಸವ ಅದೇ ವೇದಿಕೆಯ ಮೇಲೆ ವಿಜೃಂಭಣೆಯಿಂದ ನಡೆಯಿತು. ಕನ್ನಡ ಉಳಿಯಬೇಕೆಂದು ನಾವು ದೀರ್ಘವಾಗಿ ಭಾಷಣ ಮಾಡಿದೆವು. ಕನ್ನಡ ಓದುವ ಇಬ್ಬರನ್ನು ಆ ವೇದಿಕೆಯೇ ಕಳೆದಿತ್ತು.

ಕಮಾನಿನ ಶಿಲಾಫಲಕದ ಮಾತು ಬಂದಾಗ ಆ ರಂಗಮಂದಿರದ ಹಣೆ ನಮ್ಮ ಕಣ್ಣ ಮುಂದೆ ಬಂದಿತು. ಅದರಲ್ಲಿ ನಮ್ಮ ಹೆಸರೂ ಇದೆ.

ಆದ್ದರಿಂದ ಈ ಸಮ್ಮೇಳನದ ಬೆನ್ನಿಗೇ ನಡೆಯುವ ಸದಸ್ಯರ ಸಭೆಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ. ಕಮಾನಿನ ನಿಧಿಯನ್ನು ದಾನಿಗಳ ಒಪ್ಪಿಗೆ ಪಡೆದು ಓಣಿಯ ವಂತಿಗೆ ನಿಧಿಯಾಗಿ ಮಾರ್ಪಡಿಸಬೇಕು. ಒಪ್ಪದವರ ಹಣವನ್ನು ಗೌರವದಿಂದ ಹಿಂದಿರುಗಿಸಬೇಕು. ಯಾವ ಓಣಿ ಎಂಬುದನ್ನು ಕಾರ್ಯಕಾರಿ ಸಮಿತಿ ಕೋಣೆಯೊಳಗೆ ಕುಳಿತು ತೀರ್ಮಾನಿಸಬಾರದು. ತಮಿಳುನಾಡಿನ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೂ ‘ಪಗುದಿ ಸಭೆ’ಗಳಿಗೂ 2022ರಲ್ಲಿ ನಿಯಮಗಳು ಬಂದವು, ಆ ಸಭೆಗಳು ಮೊದಲು ನಡೆದದ್ದು ಅದೇ ವರ್ಷದ ನವೆಂಬರ್ 1ರಂದು, ಸ್ಥಳೀಯ ಆಡಳಿತ ದಿನದಂದು. ನವೆಂಬರ್ 1 ನಮಗೆ ಯಾವ ದಿನವೆಂದು ಹೇಳಬೇಕಿಲ್ಲ. ನಾವು ಧ್ವಜ ಹಾರಿಸಿ ಸಿಹಿ ಹಂಚುತ್ತಿದ್ದ ಆ ದಿನ ನಮ್ಮ ಬೀದಿಯ ಮಾತನ್ನು ಕೇಳಲೆಂದೇ ಕುರ್ಚಿಗಳನ್ನು ಹಾಕಿದ್ದರು. ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು? ಇನ್ನು ಮುಂದೆ ಬೆಳಿಗ್ಗೆ ಧ್ವಜವನ್ನು ಹಾರಿಸೋಣ. ಸಭೆ ಕರೆದ ದಿನ ಅಲ್ಲಿಗೂ ಹೋಗೋಣ. ಓಣಿಯವರನ್ನು ಕರೆದುಕೊಂಡೇ ಹೋಗೋಣ. ತಮಿಳು ಬಲ್ಲ ನಮ್ಮ ಯುವಕರು ಅರ್ಜಿಯನ್ನು ತಮಿಳಿನಲ್ಲಿಯೇ ಬರೆಯಲಿ. ಅದರಲ್ಲಿ ದುಡಿಮೆಯನ್ನು ವಂತಿಗೆಯ ಲೆಕ್ಕಕ್ಕೆ ಹಿಡಿಯಬೇಕೆಂಬ ಬೇಡಿಕೆಯೂ ಇರಲಿ. ಕೆಲಸ ಮುಗಿದ ಮೇಲೆ ಮಳೆಗಾಲಕ್ಕೆ ಮುಂಚೆ ಪಾಲಿಕೆಯಿಂದ ಹೂಳು ತೆಗೆಸುವ ಹೊಣೆಯನ್ನು ಮೂವರು ಸದಸ್ಯರು ವರ್ಷದಿಂದ ವರ್ಷಕ್ಕೆ ಹೊರಲಿ. ಕಟ್ಟಿ ಮರೆತ ಚರಂಡಿ ಎರಡನೆಯ ಮಳೆಗೆ ಮೊದಲಿನಂತೆಯೇ ಆಗುತ್ತದೆ.

ಕಮಾನು ಎಂದೆಂದಿಗೂ ಬೇಡವೆಂಬುದು ನಮ್ಮ ವಾದವಲ್ಲ. ಆ ಓಣಿಯ ಹುಡುಗರು ಬೂಟು ತೊಟ್ಟುಕೊಂಡೇ ಮನೆಯಿಂದ ಹೊರಟು ಅದರ ಕೆಳಗೆ ನಡೆದು ಹೋಗುವ ಕಾಲ ಬಂದಾಗ ಕಟ್ಟಿಸೋಣ. ಬದುಕಿದ್ದರೆ ನಾವೂ ಬಂದು ಚಪ್ಪಾಳೆ ತಟ್ಟುತ್ತೇವೆ. ಅಲ್ಲಿಯವರೆಗೆ, ಈ ನಿಧಿಯ ಮೊದಲ ವಂತಿಗೆಯಾಗಿ ನಮ್ಮ ಒಂದು ತಿಂಗಳ ಪಿಂಚಣಿಯನ್ನು ಖಜಾಂಚಿಯವರಿಗೆ ಒಪ್ಪಿಸುತ್ತೇವೆ. ರಸೀದಿ ಕೊಟ್ಟರೆ ಸಾಕು, ಫಲಕ ಬೇಡ. ಇದನ್ನು ವಿರೋಧಿಸುವವರು ಸಭೆಗೆ ಬಂದು ಎದ್ದು ನಿಂತು ವಿರೋಧಿಸಲಿ, ಉತ್ತರಿಸಲು ಸಿದ್ಧರಿದ್ದೇವೆ. ಆದರೆ ಬರುವ ಮುನ್ನ ಒಂದು ಮಳೆಯ ಮಾರನೆಯ ಬೆಳಿಗ್ಗೆ ಆ ಓಣಿಯ ಕೊನೆಯವರೆಗೆ ಒಮ್ಮೆ ನಡೆದು ಬರಲಿ.